ಸಿದ್ದಾಜಮ್ಮನ ಜೇನಿಗೆ ಹಿಟ್ಟು

ಮಾದಪ್ಪನ ಮಾನ ಹೋದದ್ದು ಒಂದು ಹಾಲಿನಪುಡಿ ಡಬ್ಬದಿಂದ.

ತೊಂಬತ್ತೇಳನೇ ಇಸವಿಯ ಜುಲೈ. ಗೂಡಲೂರಿನಿಂದ ಊಟಿಗೆ ಹೋಗುವ ಹತ್ತು ಗಂಟೆಯ ಬಸ್ಸು ನಡುವಟ್ಟದ ಏರನ್ನು ಉಬ್ಬಸದ ರೋಗಿಯ ಹಾಗೆ ನಿಂತು ನಿಂತು ಏರುತ್ತಿತ್ತು. ಹೊರಗೆ ಎಂಟು ದಿನದಿಂದ ಬಿಡದೆ ಹಿಡಿದ ಮಳೆ. ಮಾದಪ್ಪ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ತೂಕಡಿಸುತ್ತಿದ್ದ. ದೊಡ್ಡ ತಿರುವೊಂದರಲ್ಲಿ ಬಸ್ಸು ವಾಲಿತು, ಅವನು ವಾಲಿದ, ಚೀಲವೂ ವಾಲಿತು. ಅದರ ಬಾಯಿಂದ ಡಬ್ಬವೊಂದು ಜಾರಿ, ಏರಿನಲ್ಲಿದ್ದ ಬಸ್ಸಿನ ನಡುವೆ ಗಡಗಡ ಉರುಳುತ್ತ, ಕೂತವರ ಕಾಲುಗಳನ್ನೆಲ್ಲ ಒಂದೊಂದಾಗಿ ಮಾತಾಡಿಸಿಕೊಂಡು, ಹಿಂದಿನ ಬಾಗಿಲಲ್ಲಿದ್ದ ಕಂಡಕ್ಟರನ ಬೂಟಿಗೆ ತಗುಲಿ ನಿಂತಿತು.

ಕಂಡಕ್ಟರು ಎತ್ತಿಕೊಂಡು ನೋಡಿದ. ಡಬ್ಬದ ಮೇಲೆ ಗುಂಡುಮುಖದ ಮಗುವೊಂದು ನಗುತ್ತಿತ್ತು.

"ಯಾರದಪ್ಪ ಈ ಕೊಳಂದೆ? ಅರ್ಧ ಟಿಕೆಟಾದ್ರೂ ತಗೋಬಾರ್ದಾ?" ಎಂದು ಬಸ್ಸಿಗೆಲ್ಲ ಕೇಳುವಂತೆ ಕೂಗಿದ.

ಬಸ್ಸಿನಲ್ಲಿದ್ದವರಲ್ಲಿ ಅರ್ಧಕ್ಕರ್ಧ ನಡುವಟ್ಟದವರೇ. ಎಲ್ಲರೂ ಹಿಂದಕ್ಕೆ ತಿರುಗಿದರು. ಮಾದಪ್ಪ ಎದ್ದು, ಕಂಬಿ ಹಿಡಿದು ಓಲಾಡುತ್ತ ಹೋಗಿ, ಎರಡೂ ಕೈ ಚಾಚಿ ಡಬ್ಬ ಇಸಿದುಕೊಂಡ. ಅವನಿಗೆ ಐವತ್ತೇಳು ವರ್ಷ. ಟೀ ಫ್ಯಾಕ್ಟರಿಯಲ್ಲಿ ಎಲೆ ತೂಗುವ ಕೆಲಸದಿಂದ ಹಿಂದಿನ ವರ್ಷವಷ್ಟೇ ನಿವೃತ್ತನಾಗಿದ್ದ. ಒಬ್ಬಳೇ ಮಗಳು ಶಾಂತಲಾ ಗುಂಡ್ಲುಪೇಟೆಯಲ್ಲಿ ಗಂಡನ ಮನೆಯಲ್ಲಿದ್ದಳು. ಅವಳ ಮಕ್ಕಳು ಇಸ್ಕೂಲಿಗೆ ಹೋಗುವಷ್ಟು ದೊಡ್ಡವರು. ಹೆಂಡತಿ ಸಿದ್ದಾಜಮ್ಮ ಮಾರ್ಚಿನಲ್ಲಿ ತೀರಿಕೊಂಡಿದ್ದಳು. ಇಂಥವನಿಗೆ ಹಸುಗೂಸಿನ ಹಾಲಿನಪುಡಿ ಯಾಕೆ?

"ಯಾರಿಗೆ ಮಾದಪ್ಪಣ್ಣಾ?" ಎಂದು ಹಿಂದಿನ ಸೀಟಿನ ಹೆಂಗಸೊಬ್ಬಳು ಕೇಳಿಯೇಬಿಟ್ಟಳು.

"ನೆಂಟ್ರಿಗೆ."

"ಯಾವೂರ ನೆಂಟರು?"

"ಬತ್ತಾರೆ... ಬಂದವ್ರೆ."

ಬರುತ್ತಾರೋ ಬಂದಿದ್ದಾರೋ ಎಂಬುದನ್ನು ಬಸ್ಸೇ ತೀರ್ಮಾನಿಸಿಕೊಳ್ಳಲಿ ಎಂಬಂತೆ ಅವನು ತನ್ನ ಸೀಟಿಗೆ ಹೋಗಿ ಕೂತ. ಬಸ್ಸು ಅದನ್ನು ತೀರ್ಮಾನಿಸಿಯೂಬಿಟ್ಟಿತು.

ನಿಜ ಹೇಳಿಬಿಡಬಹುದಿತ್ತು. ಆ ಹಾಲಿನಪುಡಿ ಜೇನುಹುಳಗಳಿಗೆ. ಆದರೆ ಜೇನಿನ ಮಾತು ತೆಗೆದರೆ ಸಿದ್ದಾಜಮ್ಮನ ಹೆಸರು ಬರುತ್ತಿತ್ತು. ಅವಳ ಹೆಸರು ಬಂದರೆ ಮಾದಪ್ಪ ಜನರ ಮುಂದೆಯೇ ಅತ್ತುಬಿಡುತ್ತಿದ್ದ. ಹೋದ ತಿಂಗಳು ಒಂದು ದಿನ ಟೀ ಅಂಗಡಿಯಲ್ಲಿ, ತಾನು ಬೆಳಗಾದರೆ ಹುಳಗಳ ಹತ್ತಿರ ನಾಲ್ಕು ಮಾತಾಡುತ್ತೇನೆ ಎಂದು ಬಾಯಿತಪ್ಪಿ ಹೇಳಿಬಿಟ್ಟಿದ್ದ. ಆಮೇಲೆ ಒಂದು ವಾರ, ಅಂಗಡಿಗೆ ಕಾಲಿಟ್ಟರೆ ಸಾಕು, "ಇವತ್ತು ಜೇನು ಏನಂತು ಅಣ್ಣಾ?" ಎಂದು ಕೇಳದವರಿಲ್ಲ. ಆಗಿನಿಂದ ಅವನು ಆ ವಿಷಯಕ್ಕೆ ಬಾಯಿ ಹೊಲಿದುಕೊಂಡಿದ್ದ.

ಬಸ್ಸಿಳಿದ ಕಡೆಯೇ ಮುರಳೀಧರನ ಟೀ ಅಂಗಡಿ. ಟೀ ಅಂಗಡಿಯೆಂದರೆ ಅದರಲ್ಲೇ ಎಸ್‌ಟಿಡಿ ಬೂತು, ಅದರಲ್ಲೇ ಪೇಪರು, ಪೇಪರಿನಲ್ಲಿ ಬರದ ಸುದ್ದಿಯೂ ಅಲ್ಲೇ. ಮಳೆ ಜೋರಾಗಿದ್ದರಿಂದ ಮಾದಪ್ಪ ಸೂರಿನ ಕೆಳಗೆ ನಿಂತ. ನಿಂತಲ್ಲೇ ಚೀಲದೊಳಗೆ ನೆನೆದಿದ್ದ ಕಾಗದದ ಪೊಟ್ಟಣವೊಂದು ಒಡೆದು, ಕಂದುಬಣ್ಣದ ಪುಡಿ ಬೆಂಚಿನ ಮೇಲೆ ಸುರಿಯಿತು. ಹುಳಿಹುಳಿಯಾದ ವಾಸನೆ ಎದ್ದಿತು. ಮುರಳೀಧರನ್ ಟೀ ಎತ್ತಿ ಹೊಯ್ಯುತ್ತಿದ್ದವನು ಹಾಗೇ ನಿಂತು ಮೂಗರಳಿಸಿದ.

"ಇದು ಈಸ್ಟಲ್ವಾ?"

"ಹೂಂ. ಗೂಡಲೂರಲ್ಲಿ ಬೇಕರಿ ಕೃಷ್ಣನ್ ಕೊಟ್ಟ."

"ಸಕ್ಕರೆ?"

"ಅದೂ ಐತೆ, ಐದು ಕಿಲೋ."

ಮುರಳೀಧರನ್ ಸೊಂಟ ಬಗ್ಗಿಸಿ ಚೀಲದೊಳಗೆ ಇಣುಕಿದ. "ಇದೇನು ಹಿಟ್ಟು?"

"ಸೋಯಾ. ಮೂರು ಪಾಲು ಇದು, ಒಂದು ಪಾಲು ಈಸ್ಟು, ಒಂದು ಪಾಲು ಹಾಲಿನಪುಡಿ. ಸಕ್ಕರೆ ಪಾಕದಲ್ಲಿ ಕಲಸಬೇಕು," ಎಂದು ಮಾದಪ್ಪ ಪಾಠ ಒಪ್ಪಿಸುವವನ ಹಾಗೆ ಹೇಳಿದ. ಮರೆತುಹೋಗದಿರಲಿ ಎಂದು ಅವನು ದಾರಿಯುದ್ದಕ್ಕೂ ಇದನ್ನೇ ಜಪಿಸಿಕೊಂಡು ಬಂದಿದ್ದ.

"ಹೊಸ ಪದ್ಧತಿಯಾ?" ಮುರಳೀಧರನ ದನಿ ತಗ್ಗಿತು.

"ಹೊಸದೇ. ಆಫೀಸರು ಹೇಳ್ಕೊಟ್ಟಿದ್ದು."

"ಆಫೀಸರೇ!" ಮುರಳೀಧರನ್ ಸುತ್ತ ನೋಡಿದ. "ಎಷ್ಟು ದಿನಕ್ಕೆ ರೆಡಿಯಾಗುತ್ತೆ?"

"ದಿನ ಯಾಕೆ? ಕಲಸಿ ಒಂದು ಗಂಟೆ ಬಿಟ್ರೆ ಆಯ್ತು."

ಬೆಂಚಿನ ಮೇಲೆ ಕೂತಿದ್ದ ಮೂವರೂ ಟೀ ಲೋಟ ಕೆಳಗಿಟ್ಟರು. ಒಬ್ಬ ಮೆಲ್ಲಗೆ ಪಕ್ಕಕ್ಕೆ ಬಂದು ಕಿವಿಯಲ್ಲಿ, "ಅಣ್ಣಾ, ನನಗೊಂದು ಬಾಟ್ಲು. ಮನೆಯಲ್ಲಿ ಗೊತ್ತಾಗಬಾರ್ದು," ಎಂದ.

ಆಗ ಮಾದಪ್ಪನಿಗೆ ತಾನು ಇಷ್ಟು ಹೊತ್ತು ಯಾವುದಕ್ಕೆ ಉತ್ತರ ಕೊಡುತ್ತಿದ್ದೆ ಎಂಬುದು ಹೊಳೆಯಿತು. ಮುಖ ಕೆಂಪಾಯಿತು. "ಥೂ ನಿಮ್ಮ! ನಾನು ಹುಟ್ಟಿದಾರಭ್ಯ ಕುಡಿದೋನಲ್ಲ, ಕಾಯಿಸ್ತೀನಾ?" ಎಂದು ಈಸ್ಟನ್ನು ಅಂಗೈಯಲ್ಲಿ ಗೋರಿ ಚೀಲಕ್ಕೆ ತುಂಬಿಕೊಂಡು ಮಳೆಯಲ್ಲೇ ಇಳಿದು ಹೊರಟ.

ಅವನು ತಿರುವು ದಾಟುವ ಮುಂಚೆ ಬಸ್ಸಿನ ಸುದ್ದಿಯೂ ಅಂಗಡಿಯ ಸುದ್ದಿಯೂ ಒಂದನ್ನೊಂದು ಕೂಡಿಕೊಂಡವು. ಸಾರಾಯಿ ಕಾಯಿಸುವುದು ಹೊಸ ಸಂಸಾರದ ಖರ್ಚಿಗೆ ಎಂದು ಯಾರೋ ಹೇಳಿದರು. ಅದು ಎಲ್ಲರಿಗೂ ಸರಿಯೆನ್ನಿಸಿತು.

ಮಾದಪ್ಪನ ಮನೆ ರಸ್ತೆಯ ಕೆಳಗಿನ ಇಳಿಜಾರಿನಲ್ಲಿತ್ತು. ಹಿತ್ತಲಲ್ಲಿ ಇಪ್ಪತ್ತು ಸೆಂಟು ಟೀ ಗಿಡ, ಗೋಡೆಯ ಪಕ್ಕ ನಾಲ್ಕು ಕಾಲಿನ ಪೀಠದ ಮೇಲೆ ಒಂದು ಜೇನುಪೆಟ್ಟಿಗೆ. ಕೆಲವು ವರ್ಷದ ಹಿಂದೆ ಬೆಟ್ಟಕ್ಕೆಲ್ಲ ಜೇನಿನ ರೋಗ ಬಂದು ಎಲ್ಲರ ಪೆಟ್ಟಿಗೆಗಳೂ ಖಾಲಿಯಾಗಿದ್ದವು. ಆಗ ಸಿದ್ದಾಜಮ್ಮ ಕಾಡಂಚಿನ ಮರದ ಪೊಟರೆಗೆ ಮೊಣಕೈವರೆಗೂ ಕೈ ಹಾಕಿ, ಮೇಣದ ಎರಿಗಳನ್ನು ಬಾಳೆನಾರಿನಿಂದ ಪೆಟ್ಟಿಗೆಯ ಚೌಕಟ್ಟಿಗೆ ಕಟ್ಟಿ, ಹುಳಗಳನ್ನು ತನ್ನ ಸೆರಗಿನಲ್ಲಿ ಮನೆಗೆ ತಂದಿದ್ದಳು. ಮಾದಪ್ಪ ಅವತ್ತು ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದ.

ಅವಳಿದ್ದಾಗ ಅವನು ಆ ಪೆಟ್ಟಿಗೆಯ ಹತ್ತಿರ ಸುಳಿದವನಲ್ಲ. ಮಳೆಗಾಲದಲ್ಲಿ ಅವಳು ಹುರಿಗಡಲೆ ಹಿಟ್ಟಿಗೆ ಸಕ್ಕರೆ ಹಾಕಿ ಏನೋ ಕಲಸುತ್ತಿದ್ದಳು. ಒಂದು ಸಲ ಅದನ್ನು ಲಾಡು ಎಂದುಕೊಂಡು ಎರಡು ಬಾಯಿಗೆ ಹಾಕಿಕೊಂಡಿದ್ದ. "ಅಯ್ಯೋ, ಅದು ಹುಳಕ್ಕೆ ಕಣ್ರೀ!" ಎಂದು ಅವಳು ನಕ್ಕಿದ್ದಳು. "ಮನುಷ್ಯರಿಗಿಲ್ಲದ ಸಕ್ಕರೆ ಹುಳಕ್ಕೆ ಸುರೀತಾಳೆ," ಎಂದು ಅವನು ಗೊಣಗಿದ್ದ. ಏನೇನು ಎಷ್ಟೆಷ್ಟು ಹಾಕುತ್ತೀ ಎಂದು ಒಂದು ದಿನವೂ ಕೇಳಿರಲಿಲ್ಲ.

ಅವಳು ಹೋದ ಮೇಲೆ ಮನೆಯಲ್ಲಿ ಅವಳ ಜೀವವಿದ್ದ ವಸ್ತು ಅಂತ ಉಳಿದದ್ದು ಆ ಪೆಟ್ಟಿಗೆಯೊಂದೇ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಅದರ ಪಕ್ಕ ಕುಕ್ಕರುಗಾಲಲ್ಲಿ ಕೂತು ಮಾದಪ್ಪ ಮನೆಯ ಸಮಾಚಾರ ಹೇಳುತ್ತಿದ್ದ. ಶಾಂತಲಾಳಿಗೆ ಫೋನು ಮಾಡಿದ್ದು, ಸಾರಿಗೆ ಉಪ್ಪು ಹೆಚ್ಚಾದದ್ದು, ಮಾಡಿನ ಹಂಚು ಸೋರಿದ್ದು. ಸಿದ್ದಾಜಮ್ಮನಿಗೆ ಅಷ್ಟು ಬೇಕಾದ, ಅವಳಂತೆಯೇ ಜೇನು ಸಾಕುವ ನಂಜನಾಡಿನ ಭೋಜನ್ ತಿಥಿಗೆ ಕೂಡ ಬರಲಿಲ್ಲವೆಂಬ ಸಿಟ್ಟನ್ನೂ ಅವಕ್ಕೇ ಹೇಳಿಕೊಂಡಿದ್ದ.

ಮಳೆ ಹಿಡಿದ ಮೇಲೆ ಹುಳಗಳು ಹೊರಗೆ ಬರುವುದು ನಿಂತಿತು. ಹೋದ ಸೋಮವಾರ ಪೆಟ್ಟಿಗೆಯ ಬಾಗಿಲ ಮುಂದೆ ಅಕ್ಕಿಕಾಳಿನಂಥ ಬಿಳಿ ಮರಿಗಳು ಸತ್ತು ಬಿದ್ದಿದ್ದವು. ಗಾಬರಿಯಾಗಿ ಊಟಿಯ ಜೇನು ಆಫೀಸಿಗೆ ಓಡಿದ. ಅಲ್ಲಿಯ ಆಫೀಸರು ಸಮಾಧಾನದಿಂದ ಹೇಳಿದರು: "ಜೇನುತುಪ್ಪ ಅವಕ್ಕೆ ಅನ್ನ ಇದ್ದ ಹಾಗೆ ಮಾದಪ್ಪನವರೇ. ಹೂವಿನ ಪರಾಗ ಬೇಳೆ ಇದ್ದ ಹಾಗೆ. ಬೇಳೆ ಇಲ್ಲದೆ ಮರಿ ಬೆಳೆಯಲ್ಲ. ಮಳೇಲಿ ಹೂವೆಲ್ಲಿ? ಮರಿ ಸಾಕೋಕಾಗದೆ ಅವೇ ಎಳೆದು ಹಾಕ್ತಿವೆ. ಪರಾಗದ ಬದಲು ಹಿಟ್ಟು ಕೊಡಿ." ಲೆಕ್ಕ ಹೇಳಿ, ಕೊನೆಯಲ್ಲಿ, "ಸ್ವಲ್ಪ ಜೇನುತುಪ್ಪವನ್ನೂ ಹಾಕಿ, ಇಲ್ಲದಿದ್ದರೆ ಮೂಸಿಯೂ ನೋಡಲ್ಲ," ಎಂದಿದ್ದರು.

ಆ ಕೊನೆಯ ಮಾತನ್ನು ಮಾದಪ್ಪ ಬೇಕೆಂದೇ ಮರೆತಿದ್ದ. ಮನೆಯಲ್ಲಿದ್ದದ್ದು ಒಂದೇ ಬಾಟಲಿ ಜೇನುತುಪ್ಪ. ಕಾಯಿಲೆ ಬೀಳುವ ಮುಂಚೆ ಸಿದ್ದಾಜಮ್ಮ ತೆಗೆದದ್ದು. ಮುಚ್ಚಳದ ಮೇಲೆ ಹಳೆಯ ರವಿಕೆಯ ತುಂಡು ಸುತ್ತಿ ದಾರ ಕಟ್ಟಿದ್ದಳು. ಅವಳು ಹಾಕಿದ ಆ ಗಂಟನ್ನು ಬಿಚ್ಚಲು ಅವನಿಗೆ ಮನಸ್ಸಾಗಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹಿಟ್ಟು ಕಲಸಿ, ಚಪಾತಿ ಉಂಡೆಯ ಹಾಗೆ ಮಾಡಿ, ಎಣ್ಣೆಕಾಗದದ ಮೇಲೆ ತಟ್ಟಿದ. ಮಳೆ ಕೊಂಚ ಹೊಳವಾಯಿತು. ಇನ್ನು ಪೆಟ್ಟಿಗೆ ತೆರೆಯಬೇಕು. ಮಾದಪ್ಪನಿಗೆ ಹುಳ ಕಂಡರೆ ಈಗಲೂ ಭಯವೇ. ಅದಕ್ಕೆ ಅವನದೇ ಒಂದು ಉಪಾಯವಿತ್ತು. ಸಿದ್ದಾಜಮ್ಮನ ನೀಲಿ ಹೂವಿನ ಸೀರೆಯನ್ನು ಪಂಚೆಯ ಮೇಲೆ ಸುತ್ತಿಕೊಂಡು, ಅವಳ ಕೆಂಪು ಸ್ವೆಟರು ತೊಟ್ಟು, ಸೆರಗನ್ನು ತಲೆಯ ಮೇಲೆಳೆದುಕೊಂಡ. ಅವಳ ವಾಸನೆ ಹುಳಗಳಿಗೆ ಗುರುತಿದೆ, ಕಚ್ಚುವುದಿಲ್ಲ ಎಂದು ಅವನ ನಂಬಿಕೆ. ಈವರೆಗೆ ಕಚ್ಚಿರಲೂ ಇಲ್ಲ.

ಬೇಲಿಯಾಚೆಯಿಂದ ನೆರೆಮನೆಯ ಹಾಲಿ ನೋಡುತ್ತಿದ್ದಳು. ಹಾಲಿ ಆ ಬೆಟ್ಟದ ಬಡಗರ ಹೆಂಗಸು, ಸಿದ್ದಾಜಮ್ಮನ ಓರಗೆಯವಳು. ಇಪ್ಪತ್ತು ವರ್ಷದಿಂದ ಎರಡು ಮನೆಗೂ ಬೇಲಿ ಇದ್ದದ್ದು ಹೆಸರಿಗೆ ಮಾತ್ರ. ಆ ವೇಷ ಕಂಡು ಅವಳು ನಗಲಿಲ್ಲ.

"ಮಾದಪ್ಪಣ್ಣಾ, ಈ ಚಳಿಯಲ್ಲಿ ಯಾಕೆ ಇದೆಲ್ಲ? ಬಿಟ್ಟುಬಿಡಿ. ಹುಳ ತಾನೇ."

"ಏನವ್ವ ಹಂಗಂತೀಯ? ಅವಳು ಸಾಕಿದ್ದು. ನನ್ನ ಕಣ್ಮುಂದೆ ಹಸ್ಕೊಂಡು ಸಾಯ್ಬೇಕಾ?"

ಹಾಲಿ ತಲೆ ತಗ್ಗಿಸಿಕೊಂಡು ಒಳಗೆ ಹೋದಳು.

ಮುಚ್ಚಳ ತೆಗೆದು, ಹಿಟ್ಟಿನ ಬಿಲ್ಲೆಯನ್ನು ಚೌಕಟ್ಟುಗಳ ಮೇಲಿಟ್ಟು ಅವನು ಕಾದ. ನಾಲ್ಕೈದು ಹುಳಗಳು ಮೇಲೆ ಬಂದವು. ಬಿಲ್ಲೆಯನ್ನು ಒಂದು ಸುತ್ತು ಹಾಕಿದವು. ಗಿರವಿಗೆ ತಂದ ಪಾತ್ರೆ ನೋಡುವ ಸೇಟುವಿನ ಹಾಗೆ ಒಂದೆರಡು ಸಲ ಮುಟ್ಟಿನೋಡಿ, ಬೇಡವೆಂದು ಒಳಗೆ ಇಳಿದುಹೋದವು.

ಇಷ್ಟೆಲ್ಲ ಮೇಲಿನ ರಸ್ತೆಗೆ ಕಾಣುತ್ತಿತ್ತು. ಕಾಣದಿದ್ದದ್ದು ಸೆರಗಿನೊಳಗಿನ ಮುಖ ಮಾತ್ರ. ಊಟದ ಹೊತ್ತಿಗೆ ಮನೆಗೆ ಬರುತ್ತಿದ್ದ ಎಲೆ ಕೀಳುವ ಹೆಂಗಸರು ತಿರುವಿನಲ್ಲಿ ನಿಂತರು. ಮಾದಪ್ಪನ ಹಿತ್ತಲಲ್ಲಿ ಸೀರೆಯುಟ್ಟ ಹೆಂಗಸು! ಎತ್ತರವಾಗಿದ್ದಾಳೆ, ಗಟ್ಟಿಮುಟ್ಟಾಗಿದ್ದಾಳೆ ಎಂದಳು ಒಬ್ಬಳು. ಸಿದ್ದಕ್ಕನ ಸೀರೆಯನ್ನೇ ಉಟ್ಟಿದ್ದಾಳೆ, ನಾಚಿಕೆ ಬೇಡವೇ ಎಂದಳು ಇನ್ನೊಬ್ಬಳು. ಮೂರನೆಯವಳು ಮಾತ್ರ, ಅದು ಸಿದ್ದಕ್ಕನೇ ಎಂದು ಹೇಳಿ ಬುಟ್ಟಿ ಬಿಸಾಡಿ ಓಡಿದಳು.

ಮೂರೂ ಸುದ್ದಿಗಳು ಮುರಳೀಧರನ ಅಂಗಡಿ ಸೇರಿದವು. ಮುರಳೀಧರನ್ ಕೆಟ್ಟವನಲ್ಲ. ಊರಿನ ಕಷ್ಟಸುಖವೆಲ್ಲ ತನ್ನ ಮೇಲೆಯೇ ಇದೆಯೆಂದು ತಿಳಿದವನು. ಮಾದಪ್ಪ ಪ್ರತಿ ಭಾನುವಾರ ಮಗಳಿಗೆ ಫೋನು ಮಾಡುತ್ತಿದ್ದ ನಂಬರು ಬೂತಿನ ಗೋಡೆಯ ಮೇಲೇ ಇತ್ತು. ಒಳ್ಳೆಯದಕ್ಕೇ ಎಂದುಕೊಂಡು ಅವನು ಆ ನಂಬರು ಒತ್ತಿದ.

ಅರ್ಧ ಗಂಟೆಯಲ್ಲಿ ಅಂಗಡಿಯಿಂದ ಇಬ್ಬರು ಮಾದಪ್ಪನನ್ನು ಕರೆಯಲು ಬಂದರು. "ಶಾಂತಲಾ ಲೈನಿನಲ್ಲಿದ್ದಾಳೆ, ಅಳ್ತಿದ್ದಾಳೆ," ಎಂದರು. ಸೀರೆ ಬಿಸಾಡಿ, ಸ್ವೆಟರಿನಲ್ಲೇ ಏದುಸಿರು ಬಿಡುತ್ತ ಓಡಿದ. ಅಂಗಡಿ ತುಂಬ ಜನ. ಬೂತಿನ ಗಾಜಿನ ಬಾಗಿಲು ಮುರಿದು ಎರಡು ವರ್ಷವಾಗಿತ್ತು.

"ಅಪ್ಪಾ, ಅಮ್ಮ ಹೋಗಿ ನಾಕು ತಿಂಗಳಾಗಿಲ್ಲ. ನೀನು ಹಿಂಗ್ ಮಾಡ್ಬೋದಾ?"

"ಏನವ್ವ ಮಾಡ್ದೆ ನಾನು?"

"ಮಗು ಬೇರೆ ಅದಂತೆ!"

"ಯಾವ ಮಗು?"

"ಹಾಲಿನಪುಡಿ ಯಾರಿಗೆ ತಂದೆ, ಹೇಳು."

ಮಾದಪ್ಪ ಜನರ ಕಡೆ ಬೆನ್ನು ತಿರುಗಿಸಿದ. ದನಿ ತಗ್ಗಿಸಿದಷ್ಟೂ ಅಂಗಡಿ ನಿಶ್ಶಬ್ದವಾಯಿತು. "ಜೇನುಹುಳಕ್ಕೆ ಕಣವ್ವ."

"ಹುಳಕ್ಕೆ ಯಾರಾದ್ರೂ ಹಾಲಿನಪುಡಿ ಹಾಕ್ತಾರಾ? ಸುಳ್ಳು ಹೇಳ್ಬೇಡ. ಅಮ್ಮನ ನೀಲಿ ಸೀರೆ ಉಟ್ಕೊಂಡು ಹಿತ್ತಲಲ್ಲಿ ಓಡಾಡ್ತಿದ್ದೋಳು ಯಾರು?"

ಮೀಟರಿನ ಕೆಂಪು ಅಂಕಿಗಳು ಓಡುತ್ತಿದ್ದವು.

"ಹೇಳಪ್ಪಾ, ಯಾರು?"

"ನಾನೇ ಕಣವ್ವ."

"ನೀನಾ?"

"ಅವಳ ವಾಸ್ನೆ ಇದ್ರೆ ಹುಳ ಕಚ್ಚಲ್ಲ ಅಂತ... ನಾನೇ ಉಟ್ಕೊಂಡಿದ್ದೆ."

ಅಂಗಡಿಯಲ್ಲಿ ಯಾರೂ ನಗಲಿಲ್ಲ. ಮುರಳೀಧರನ್ ಒಲೆಯ ಕಡೆ ತಿರುಗಿ, ಒರೆಸಿದ ಲೋಟವನ್ನೇ ಮತ್ತೆ ಒರೆಸತೊಡಗಿದ. ಕೊನೆಗೆ ಶಾಂತಲಾ, "ಸ್ವೆಟ್ರೂ ಹಾಕ್ಕೋ ಅಪ್ಪಾ. ಅಲ್ಲಿ ಚಳಿ," ಎಂದು ಫೋನಿಟ್ಟಳು.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಸಾರಾಯಿಯ ಸುದ್ದಿ ಬೇರೆ ದಾರಿ ಹಿಡಿದು ಪೊಲೀಸ್ ಸ್ಟೇಷನ್ನಿಗೆ ಹೋಗಿತ್ತು. ಮಾದಪ್ಪ ಅಂಗಡಿಯ ಮೆಟ್ಟಿಲಿಳಿಯುವಾಗ ಹೆಡ್ ಕಾನ್‌ಸ್ಟೇಬಲ್ ಧರ್ಮಲಿಂಗಂ ಸೈಕಲ್ಲನ್ನು ಗೋಡೆಗೆ ಒರಗಿಸುತ್ತಿದ್ದ. ಮಳೆಕೋಟಿನಿಂದ ನೀರು ಸುರಿಯುತ್ತಿತ್ತು.

"ಮಾದಪ್ಪ ಅಂದ್ರೆ ನೀವೇನಾ? ನಡೀರಿ ವೀಟಿಗೆ, ನಿಮ್ಮ ಮನೆಗೆ. ಊರಲ್ ಎಲ್ಲಿದೆ, ಸಾರಾಯಿಗೆ ಕೊಳೆ ಹಾಕಿರೋದು?"

"ಊರಲ್ಲೂ ಇಲ್ಲ ಗೀರಲ್ಲೂ ಇಲ್ಲ ಸಾರ್, ಅದು ಜೇನಿಗೆ..."

"ಎಲ್ಲಾರೂ ಮೊದ್ಲು ಹಿಂಗೇ ಹೇಳೋದು."

ಕೊಳೆ ಹಾಕಿದ ಪಾತ್ರೆಯನ್ನು ಹುಡುಕುತ್ತ ಧರ್ಮಲಿಂಗಂ ಮುಂದೆ, ಮಾದಪ್ಪ ನಡುವೆ, ಹಿಂದೆ ಕೊಡೆಗಳ ಮೆರವಣಿಗೆ. ಮುರಳೀಧರನ್ ಟೀ ಒಲೆಯನ್ನು ಆರಿಸಿ ಬಂದ. ಅವನ ಅಂಗಡಿ ಹಗಲಲ್ಲಿ ಮುಚ್ಚಿದ್ದು ಅದೇ ಮೊದಲು. ಅಡಿಗೆಮನೆಯಲ್ಲಿ ಬೋಗುಣಿ ಸಿಕ್ಕಿತು. ಧರ್ಮಲಿಂಗಂ ಮೂಸಿದ. ಬೆರಳಿನಲ್ಲಿ ಚಿಟಿಕೆಯಷ್ಟು ತೆಗೆದು ನಾಲಿಗೆಗೆ ಇಟ್ಟುಕೊಂಡ. ಹುಬ್ಬು ಮೇಲೇರಿತು. ಇನ್ನೊಂದು ಉಂಡೆ ತೆಗೆದು ಪೂರ್ತಿ ಬಾಯಿಗೆ ಹಾಕಿಕೊಂಡ.

"ತಪ್ಪಿಲ್ಲ," ಎಂದ ಜಗಿಯುತ್ತ. "ಇದು ಜೇನು ತಿನ್ನುತ್ತೆ ಅಂತೀರಾ?"

"ತಿನ್ಬೇಕು ಸಾರ್."

"ತಿಂದಿದೆಯಾ?"

ಮಾದಪ್ಪನಿಗೆ ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ. "ಇಲ್ಲ," ಎಂದ.

"ಆಗ ತೋರ್ಸಿ. ತಿಂದ್ರೆ ನಾನು ಹೋಗ್ತೀನಿ. ತಿನ್ನದಿದ್ರೆ ನೀವು ಬತ್ತೀರಿ."

ಮಾದಪ್ಪ ಒಳಕೋಣೆಗೆ ಹೋದ. ಕಪಾಟಿನ ಬಾಗಿಲು ತೆರೆದ ಸದ್ದಾಯಿತು, ಆಮೇಲೆ ಬಹಳ ಹೊತ್ತು ಯಾವ ಸದ್ದೂ ಇಲ್ಲ. ಧರ್ಮಲಿಂಗಂ ಇಣುಕಿ ನೋಡಿದಾಗ, ಅವನು ಮಂಚದ ಮೇಲೆ ಕೂತು ಬಾಟಲಿಯೊಂದರ ದಾರದ ಗಂಟನ್ನು ಉಗುರಿನಿಂದ ಒಂದೊಂದೇ ಎಳೆ ಬಿಡಿಸುತ್ತಿದ್ದ. ಕತ್ತರಿ ಪಕ್ಕದಲ್ಲೇ ಇತ್ತು. ಧರ್ಮಲಿಂಗಂ ಹೊರಗೆ ಬಂದು ನಿಂತ.

ನಾಲ್ಕು ಗಂಟೆಗೆ ಮಂಜು ಸರಿದು ಹಿತ್ತಲಿಗೆ ತೆಳುವಾದ ಬಿಸಿಲು ಬಿತ್ತು. ಈ ಸಲ ಮಾದಪ್ಪ ಎಲ್ಲರ ಕಣ್ಣೆದುರಿಗೇ ಸೀರೆ ಸುತ್ತಿಕೊಂಡ. ಯಾರೂ ಕಿಸಕ್ಕೆನ್ನಲಿಲ್ಲ. ಪೆಟ್ಟಿಗೆಯ ಪಕ್ಕದ ಕಲ್ಲಿನ ಮೇಲೆ ಬೋಗುಣಿ ಇಟ್ಟು, ಬಾಟಲಿಯಿಂದ ಒಂದೇ ಒಂದು ಚಮಚ ಜೇನುತುಪ್ಪ ಹಾಕಿ ಕಲಸಿದ. ಮುಚ್ಚಳ ತೆಗೆದು ಹೊಸ ಬಿಲ್ಲೆಯಿಟ್ಟ. ಧರ್ಮಲಿಂಗಂ ಸರ್ಕಾರಿ ಕರ್ತವ್ಯವೆಂಬಂತೆ ಬಗ್ಗಿ ಮೂಗನ್ನು ಚೌಕಟ್ಟುಗಳ ತನಕ ಒಯ್ದ.

"ಎಲ್ಲಿ? ಒಂದೂ... ಅಯ್ಯೋ ಅಮ್ಮಾ!"

ಒಂದು ಹುಳ ಮೂಗಿನ ತುದಿಗೇ ಕಚ್ಚಿತ್ತು. ಧರ್ಮಲಿಂಗಂ ಬೀಸಿದ ಕೈ ಬಾಟಲಿಗೆ ತಗುಲಿತು. ಬಾಟಲಿ ಬೋಗುಣಿಯೊಳಗೆ ಬೋರಲು ಬಿತ್ತು. ಮಾದಪ್ಪ ಎತ್ತಿಕೊಳ್ಳುವ ಹೊತ್ತಿಗೆ ಒಳಗಿದ್ದದ್ದೆಲ್ಲ ಹಿಟ್ಟಿನೊಳಗೆ ಇಳಿದಾಗಿತ್ತು. ಅವನು ಖಾಲಿ ಬಾಟಲಿಯನ್ನು ಬಿಸಿಲಿಗೆ ಹಿಡಿದು ನೋಡುತ್ತ ನಿಂತ. ಧರ್ಮಲಿಂಗಂ ಮೂಗು ಹಿಡಿದುಕೊಂಡೇ, "ಮನ್ನಿಚ್ಚುಕೋಂಗ ಅಯ್ಯಾ. ಕ್ಷಮಿಸಿ," ಎಂದ.

"ಅಲ್ಲಿ ನೋಡಿ," ಎಂದು ಮುರಳೀಧರನ್ ಪಿಸುಗುಟ್ಟಿದ.

ಹುಳಗಳು ಮೇಲೆ ಬರುತ್ತಿದ್ದವು. ಮೊದಲು ಹತ್ತು, ಆಮೇಲೆ ಐವತ್ತು. ಬಿಲ್ಲೆಯ ಅಂಚಿಗೆ ಒತ್ತೊತ್ತಾಗಿ ಕೂತು, ತಲೆ ಬಗ್ಗಿಸಿ, ಪಂಕ್ತಿಯಲ್ಲಿ ಕೂತ ಹಸಿದ ಮಕ್ಕಳ ಹಾಗೆ ತಿನ್ನತೊಡಗಿದವು. ಮಾದಪ್ಪನ ಮುಖ ನಾಲ್ಕು ತಿಂಗಳಲ್ಲಿ ಮೊದಲ ಸಲ ಸಡಿಲಾಯಿತು.

"ಹೋಗ್ಲಿ ಬುಡಿ ಸಾರ್," ಎಂದ. "ಅವಳ ಹುಳಗಳೇ ಮಾಡಿದ್ದ ತುಪ್ಪ. ಅವಕ್ಕೇ ವಾಪಸ್ ಹೋಯ್ತು. ಅವಳಿದ್ದಿದ್ರೂ ಇದನ್ನೇ ಮಾಡ್ತಿದ್ಲು."

ಧರ್ಮಲಿಂಗಂ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ. ಬುಟ್ಟಿ ಬಿಸಾಡಿ ಓಡಿದ್ದ ಹೆಂಗಸು ಕಣ್ಣೊರೆಸಿಕೊಂಡಳು. ಮುರಳೀಧರನ್ ಹತ್ತಿರ ಬಂದು, ನಾಳೆಯಿಂದ ಬೆಳಗಿನ ಟೀ ತನ್ನ ಅಂಗಡಿಯಲ್ಲೇ ಕುಡಿಯಬೇಕು, ಹುಳಗಳ ಸಮಾಚಾರ ಹೇಳಬೇಕು, ಯಾರಾದರೂ ನಕ್ಕರೆ ತಾನು ನೋಡಿಕೊಳ್ಳುತ್ತೇನೆ ಎಂದ. ಒಬ್ಬೊಬ್ಬರಾಗಿ ಎಲ್ಲರೂ ಏರು ಹತ್ತಿ ಹೋದರು.

ಹಾಲಿ ಮಾತ್ರ ಬೇಲಿಯ ಹತ್ತಿರವೇ ನಿಂತಿದ್ದಳು. ಜನರಿದ್ದಾಗಿನಿಂದ ಅವಳು ಅಳುತ್ತಿದ್ದುದನ್ನು ಮಾದಪ್ಪ ಗಮನಿಸಿರಲಿಲ್ಲ.

"ನೋಡ್ದೇನವ್ವ, ತಿಂದ್ವು! ಇನ್ನು ಬದುಕ್ಕೋತಾವೆ."

"ಮಾದಪ್ಪಣ್ಣಾ, ನೀವು ಆ ಬಾಟ್ಲು ಬಿಚ್ಚಬಾರದಿತ್ತು," ಎಂದಳು ಹಾಲಿ. "ಮಧ್ಯಾಹ್ನವೇ ಹೇಳಬೇಕು ಅಂತ ಬಂದೆ. ಬಾಯಿ ಬರಲಿಲ್ಲ. ಇವು ಸಿದ್ದಕ್ಕನ ಹುಳ ಅಲ್ಲ."

ಮಾದಪ್ಪನಿಗೆ ಅರ್ಥವಾಗಲಿಲ್ಲ. ನಗುತ್ತಲೇ ಅವಳನ್ನು ನೋಡಿದ.

"ನೀವಿಬ್ಬರೂ ಆಸ್ಪತ್ರೆಯಲ್ಲಿದ್ರಲ್ಲ, ಇಪ್ಪತ್ತು ದಿನ. ಹೋಗುವಾಗ ಅಕ್ಕ ನನ್ನ ಕೈ ಹಿಡಿದು ಹೇಳಿದ್ದಳು, ಹಾಲಿ, ಪೆಟ್ಟಿಗೆ ಕಾಲಿನ ಬಟ್ಟಲಿಗೆ ನೀರು ಹಾಕ್ತಿರು, ಇಲ್ಲದಿದ್ರೆ ಇರುವೆ ಹತ್ತುತ್ತೆ ಅಂತ. ನಾನು ನಾಲ್ಕು ದಿನ ಹಾಕಿದೆ. ಆಮೇಲೆ ಎಲೆ ಕೀಳೋ ಕೆಲಸ, ಮನೆ ಕೆಲಸ... ಮರೆತುಬಿಟ್ಟೆ ಅಣ್ಣಾ. ನೀವು ಅಸ್ಥಿ ಬಿಡೋಕೆ ನಂಜನಗೂಡಿಗೆ ಹೋದಾಗ ನೆನಪಾಗಿ ಓಡಿಬಂದೆ. ಪೆಟ್ಟಿಗೆ ತುಂಬ ಇರುವೆ. ಹುಳ ಒಂದೂ ಇಲ್ಲ. ಎದ್ದು ಹೋಗಿದ್ವು."

ಮಾದಪ್ಪ ಮೆಲ್ಲಗೆ ಪೆಟ್ಟಿಗೆಯ ಕಡೆ ತಿರುಗಿದ. "ಇವು?"

"ನಮ್ಮ ಭೋಜಣ್ಣನವು. ನಂಜನಾಡಿಂದ ರಾತ್ರೋರಾತ್ರಿ ಜೀಪಿನಲ್ಲಿ ತಂದಿಟ್ಟ. ನೀವು ವಾಪಸ್ ಬಂದಾಗ ಇದೂ ಖಾಲಿ ಅಂತ ಕಂಡ್ರೆ ಏನಾಗ್ತೀರೋ ಅಂತ ನಾನೇ ಅವನ ಕಾಲಿಗೆ ಬಿದ್ದೆ. ಅದಕ್ಕೇ ಅವನು ನಿಮ್ಮ ಮುಂದೆ ಬರಲಿಲ್ಲ. ನಿಮ್ಮ ಮುಖ ನೋಡಿದ್ರೆ ಹೇಳಿಬಿಡ್ತೀನಿ ಅಂದ."

"ಸುಳ್ಳು. ನನ್ನ ಗುರುತು ಹಿಡೀತಾವೆ ಅವು. ಅವಳ ಸೀರೆ ವಾಸ್ನೆಗೆ..."

"ಭೋಜಣ್ಣನ ಹುಳ ಸುಮ್ಮಸುಮ್ಮನೆ ಯಾರನ್ನೂ ಕಚ್ಚಲ್ಲ ಅಣ್ಣಾ. ಆ ಪೊಲೀಸು ಮೂಗು ತೂರಿಸಿದ್ದಕ್ಕೆ ಕಚ್ಚಿತು."

ಮಾದಪ್ಪ ಕಲ್ಲಿನ ಮೇಲೆ ಕೂತ. ಸೀರೆಯ ನೆರಿಗೆ ಕೆಸರಿನಲ್ಲಿ ಬಿದ್ದದ್ದು ಅವನಿಗೆ ತಿಳಿಯಲಿಲ್ಲ. ಭೋಜನ್ ತಿಥಿಗೂ ಬರಲಿಲ್ಲವೆಂದು ಭೋಜನ್‌ನ ಹುಳಗಳ ಮುಂದೆಯೇ ಎಷ್ಟು ಬೈದಿದ್ದ! ನೆನಪಾಗಿ ನಗು ಬಂತು. ಅದು ನಗುವಾಗಿ ಹೊರಟರೂ ಗಂಟಲಲ್ಲಿ ಬೇರೆಯೇ ಆಯಿತು. ಹಾಲಿ ಬೇಲಿ ದಾಟಿ ಬಂದು, ಏನು ಮಾಡಬೇಕೋ ತೋಚದೆ, ಪಕ್ಕದಲ್ಲಿ ನಿಂತಳು.

"ಯಾವ ಕಡೆ ಹೋದ್ವು, ನೋಡಿದವರ್ಯಾರಾದ್ರೂ ಇದ್ದಾರಾ?" ಎಂದು ಅವನು ಕೇಳಿದ.

"ಇಲ್ಲ ಅಣ್ಣಾ. ಕಾಡಿನ ಕಡೆಗೇ ಹೋಗಿರ್ಬೇಕು."

ಇಬ್ಬರೂ ಕಾಡಿನ ಕಡೆ ನೋಡಿದರು. ಅಲ್ಲಿ ಮಂಜು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

"ಇನ್ನೊಂದು ಮಾತು," ಎಂದಳು ಹಾಲಿ, ಸೆರಗಿನ ತುದಿ ಹಿಂಡುತ್ತ. "ಭೋಜಣ್ಣನ ಉಳಿದ ನಾಲ್ಕು ಪೆಟ್ಟಿಗೆಯೂ ಈ ಮಳೆಯಲ್ಲಿ ಹೋದ್ವಂತೆ. ಅವನ ಹತ್ತಿರ ಹುಳ ಅಂತ ಇರೋದು ಇದೊಂದೇ. ನಾಡಿದ್ದು ಭಾನುವಾರ ತಗೊಂಡು ಹೋಗೋಕೆ ಬರ್ತಾನೆ. ನಾನು ಬೇಡ ಅನ್ನೋಕೆ ಯಾವ ಬಾಯಿ?"

ಮಾದಪ್ಪ ಬೋಗುಣಿಯ ಕಡೆ ನೋಡಿದ. ಆಮೇಲೆ ಎದ್ದು, ಉಳಿದ ಹಿಟ್ಟನ್ನೆಲ್ಲ ಬಿಲ್ಲೆಬಿಲ್ಲೆಯಾಗಿ ತಟ್ಟಿ, ಒಂದೊಂದನ್ನೂ ಎಣ್ಣೆಕಾಗದದಲ್ಲಿ ಸುತ್ತಿ ಡಬ್ಬಕ್ಕೆ ತುಂಬಿದ. ಮಗುವಿನ ಚಿತ್ರದ ಡಬ್ಬ ತುಂಬಿತು. ಮುಚ್ಚಳ ಒತ್ತಿ ಹಾಲಿಯ ಕೈಗೆ ಕೊಟ್ಟ.

"ವಾರಕ್ಕೊಂದು ಇಡಾಕೆ ಹೇಳವ್ವ. ಬಿಸಿಲು ಬಿದ್ದಾಗಲೇ ಮುಚ್ಚಳ ತೆಗೀಬೇಕು. ತಂಡಿ ಹೊಡೆದ್ರೆ ಮರಿ ಸಾಯ್ತವೆ."

ಹಾಲಿ ಡಬ್ಬವನ್ನು ಎದೆಗೊತ್ತಿಕೊಂಡು ಬೇಲಿ ದಾಟಿದಳು.

ಮರುದಿನ ಬೆಳಿಗ್ಗೆ ರೂಢಿಯಂತೆ ಮಾದಪ್ಪನ ಕಾಲುಗಳು ಕಾಫಿ ಲೋಟದೊಂದಿಗೆ ಅವನನ್ನು ಹಿತ್ತಲಿಗೆ ಕರೆತಂದವು. ಮಳೆ ಮತ್ತೆ ಹಿಡಿದಿತ್ತು. ಕೊಡೆ ಬಿಚ್ಚಿ ಪೆಟ್ಟಿಗೆಯ ಪಕ್ಕ ಕುಕ್ಕರುಗಾಲಲ್ಲಿ ಕೂತ. ಒಳಗೆ ಹುಳಗಳ ಗುಂಯ್‌ಗುಡುವಿಕೆ ನಿನ್ನೆಗಿಂತ ಜೋರಾಗಿತ್ತು. ಹೊಟ್ಟೆ ತುಂಬಿದ ಮನೆಯ ಸದ್ದು. ಏನೋ ಹೇಳಲು ಬಾಯಿ ತೆರೆದ. ಸಾರಿನ ಸುದ್ದಿ, ಶಾಂತಲಾಳ ಸುದ್ದಿ ಇವರಿಗೆ ಹೇಳುವುದು ಹೇಗೆ ಎಂದು ತೋಚದೆ ಸುಮ್ಮನಾದ. ಕಾಫಿ ಆರುತ್ತಿತ್ತು.

ಕೊನೆಗೆ ಅವನು ಗಂಟಲು ಸರಿಮಾಡಿಕೊಂಡು, ಮನೆಗೆ ಬಂದ ಪರಿಚಯವಿಲ್ಲದ ನೆಂಟರನ್ನು ವಿಚಾರಿಸುವ ಹಾಗೆ, "ರಾತ್ರಿ ಚಳಿ ಜಾಸ್ತಿ ಆಯ್ತೇನೋ ನಿಮಗೆ," ಎಂದ. "ನಂಜನಾಡಲ್ಲೂ ಹಿಂಗೇನಾ?"